ಜರ್ಬಿಲ್ ಕಾಯಿಲೆ ಬಿದ್ದಾಗ ಮನೆಯಲ್ಲಿ ಮಾಡಬೇಕಾದ ಆರೈಕೆ

ರಾತ್ರಿ ಗಾಜಿನ ತೊಟ್ಟಿಯೊಳಗೆ ಹಾಕಿದ ರಟ್ಟಿನ ಕೊಳವೆ ಬೆಳಿಗ್ಗೆಯೂ ಹಾಗೆಯೇ ಬಿದ್ದಿದ್ದರೆ ಜರ್ಬಿಲ್ ಎಂಬ ಇಲಿಯಂಥ ಪುಟ್ಟ ಪ್ರಾಣಿಯನ್ನು ಸಾಕಿದವರು ಅಲ್ಲಿಯೇ ನಿಂತು ಗಮನಿಸಬೇಕು. ಆರೋಗ್ಯವಾಗಿರುವ ಜೋಡಿ ಅಂಥ ಕೊಳವೆಯನ್ನು ಬೆಳಗಾಗುವುದರೊಳಗೆ ಕಡಿದು ಚೂರುಚೂರು ಮಾಡಿ ಗೂಡಿಗೆ ಹಾಸಿಕೊಂಡಿರುತ್ತದೆ. ಕಳೆದ ಜನವರಿಯ ಒಂದು ಬೆಳಿಗ್ಗೆ ನಮ್ಮ ಮನೆಯ ತೊಟ್ಟಿಯಲ್ಲಿ ಕೊಳವೆ ಇಡಿಯಾಗಿತ್ತು. ಮಗಳು ಸಾಕಿದ್ದ ಎರಡು ಹೆಣ್ಣು ಜರ್ಬಿಲ್‌ಗಳ ಪೈಕಿ ಕಡಲೆ ಎಂಬುದು ಮೂಲೆಯಲ್ಲಿ ಬೆನ್ನು ಬಾಗಿಸಿ, ಕೂದಲು ಉಬ್ಬಿಸಿ, ಕಣ್ಣು ಅರೆಮುಚ್ಚಿ ಕುಳಿತಿತ್ತು, ಅದರ ತಂಗಿ ಚುಕ್ಕಿ ಪಕ್ಕದಲ್ಲಿ ಕದಲದೆ ಕುಳಿತಿತ್ತು. ಹಿಂದಿನ ಭಾನುವಾರ 74 ಗ್ರಾಂ ಇದ್ದ ಕಡಲೆ ಅಂದು 63 ಗ್ರಾಂ ತೂಗಿತು.

ನಾವಿರುವ ಇಂಗ್ಲೆಂಡಿನಲ್ಲಿ ಜರ್ಬಿಲ್ ಸಾಮಾನ್ಯ ಸಾಕುಪ್ರಾಣಿ. ಇಲ್ಲಿನ ಅನೇಕ ಕನ್ನಡದ ಮನೆಗಳಲ್ಲಿ ಮಕ್ಕಳ ಒತ್ತಾಯಕ್ಕೆ ಇಂಥ ಪುಟ್ಟ ಪ್ರಾಣಿಗಳು ಬಂದು ಸೇರುತ್ತವೆ. ಅವು ಕಾಯಿಲೆ ಬಿದ್ದಾಗ ದೊಡ್ಡವರಿಗೆ ಏನು ಮಾಡಬೇಕೆಂದು ತೋಚುವುದಿಲ್ಲ. ನಾಯಿ ಬೆಕ್ಕುಗಳ ಆರೈಕೆಯ ಅನುಭವ ಇಲ್ಲಿ ಅಷ್ಟಾಗಿ ನೆರವಿಗೆ ಬಾರದು. ಜರ್ಬಿಲ್ ಬೇಟೆಗೆ ಸಿಕ್ಕುವ ಜೀವಿಯಾದುದರಿಂದ ಕೊನೆಯ ಘಳಿಗೆಯವರೆಗೂ ತನ್ನ ನೋವನ್ನು ಮರೆಮಾಚುತ್ತದೆ, ಮತ್ತು ಅದರ ಮೈ ಎಷ್ಟು ಚಿಕ್ಕದೆಂದರೆ ಕಾಯಿಲೆ ಕಣ್ಣಿಗೆ ಬಿದ್ದ ಮೇಲೆ ನಮಗೆ ಉಳಿಯುವ ಸಮಯವನ್ನು ದಿನಗಳಲ್ಲಿ ಅಲ್ಲ, ಗಂಟೆಗಳಲ್ಲಿ ಎಣಿಸಬೇಕಾಗುತ್ತದೆ. ಮನೆಯಲ್ಲಿ ನಾವು ಕೊಡಬಹುದಾದದ್ದು ಬೆಚ್ಚಗಿನ ಜಾಗ, ನೀರು, ಆಹಾರ, ಸದ್ದಿಲ್ಲದ ವಾತಾವರಣ ಮತ್ತು ಅದರ ಜೊತೆಗಾತಿಯ ಸಂಗ. ಔಷಧಿ ಪಶುವೈದ್ಯರ ಪಾಲಿನದು. ಈ ಗೆರೆಯನ್ನು ದಾಟಿ ಮನೆಯಲ್ಲಿಯೇ ಮದ್ದು ಮಾಡಹೊರಟರೆ ಬದುಕಬಹುದಾದ ಪ್ರಾಣಿಯನ್ನೂ ಕಳೆದುಕೊಳ್ಳುತ್ತೇವೆ.

ಸಾಕುವ ಜರ್ಬಿಲ್ ಮಂಗೋಲಿಯಾ ಮತ್ತು ಉತ್ತರ ಚೀನಾದ ಒಣ ಹುಲ್ಲುಗಾವಲಿನ ಪ್ರಾಣಿ. 1954ರಲ್ಲಿ ಜಪಾನಿನಿಂದ ಅಮೆರಿಕಕ್ಕೆ, 1964ರಲ್ಲಿ ಅಲ್ಲಿಂದ ಬ್ರಿಟನ್ನಿಗೆ ಮೊದಲು ಪ್ರಯೋಗಾಲಯಗಳಿಗಾಗಿ ಬಂದ ಇದು ಆಮೇಲೆ ಮನೆಗಳನ್ನು ಸೇರಿತು. ನಮ್ಮ ಬಯಲುಸೀಮೆಯ ಹೊಲಗಳಲ್ಲಿ ಬಿಲ ತೋಡಿ ಬದುಕುವ ಭಾರತೀಯ ಜರ್ಬಿಲ್ ಇದರ ದೂರದ ಸಂಬಂಧಿ. ಒಣನೆಲದ ಈ ಮೂಲವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಅನೇಕ ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ: ಅದು ಕುಡಿಯುವ ನೀರು ಅತ್ಯಲ್ಪ, ಹೊಯ್ಯುವ ಮೂತ್ರ ಕೆಲವೇ ಹನಿ, ತೇವ ಅದಕ್ಕೆ ಆಗದು.

ಮೊದಲ ಹೆಜ್ಜೆ: ಮುಟ್ಟುವ ಮೊದಲು ನೋಡುವುದು

ಗಾಬರಿಯಲ್ಲಿ ಕೈಹಾಕಿ ಎತ್ತಿಕೊಳ್ಳಬೇಡಿ. ಎರಡು ಮೂರು ನಿಮಿಷ ತೊಟ್ಟಿಯ ಮುಂದೆ ಸುಮ್ಮನೆ ಕುಳಿತು, ಉಸಿರಾಡುವಾಗ ಪಕ್ಕೆಗಳು ಜೋರಾಗಿ ಏರಿಳಿಯುತ್ತಿವೆಯೇ, ಟಿಕ್ ಟಿಕ್ ಎಂಬ ಸದ್ದು ಬರುತ್ತಿದೆಯೇ, ತಲೆ ಒಂದು ಪಕ್ಕಕ್ಕೆ ವಾಲಿದೆಯೇ, ಬಾಲದ ಬುಡ ಒದ್ದೆಯಾಗಿದೆಯೇ ಎಂಬುದನ್ನು ನೋಡಿ. ಹಿಕ್ಕೆಗಳು ಎಂದಿನಂತೆ ಗಟ್ಟಿಯಾಗಿ, ಒಣಗಿ ಇವೆಯೇ ಎಂದು ಹಾಸಿನಲ್ಲಿ ಹುಡುಕಿ. ಹಾಸು ಎಂದಿಗಿಂತ ಹೆಚ್ಚು ಒದ್ದೆಯಾಗಿದ್ದರೆ ಅದೂ ಒಂದು ಸುಳಿವು. ವಯಸ್ಸಾದ ಜರ್ಬಿಲ್‌ಗಳಲ್ಲಿ ಮೂತ್ರಪಿಂಡ ಸೋತಾಗ ಅವು ವಿಪರೀತ ನೀರು ಕುಡಿಯುತ್ತವೆ.

ನೀರಿನ ಬಾಟಲಿಯನ್ನು ಪರೀಕ್ಷಿಸುವುದನ್ನು ಮರೆಯಬೇಡಿ. ಬಾಟಲಿಯ ನಳಿಕೆಯ ತುದಿಯಲ್ಲಿರುವ ಪುಟ್ಟ ಉಕ್ಕಿನ ಗುಂಡು ಕೆಲವೊಮ್ಮೆ ಸಿಕ್ಕಿಹಾಕಿಕೊಂಡು, ಬಾಟಲಿ ತುಂಬಿದ್ದರೂ ಹನಿ ನೀರು ಇಳಿಯುವುದಿಲ್ಲ. ಬೆರಳ ತುದಿಯಿಂದ ಗುಂಡನ್ನು ಒತ್ತಿ ನೋಡಿ. ನೀರಿಲ್ಲದೆ ಬಳಲಿ ಕುಳಿತ ಪ್ರಾಣಿ ಕಾಯಿಲೆಯದರಂತೆಯೇ ಕಾಣುತ್ತದೆ.

ಎರಡನೆಯ ಹೆಜ್ಜೆ: ತೂಕ

ಅಡುಗೆಮನೆಯಲ್ಲಿ ಹಿಟ್ಟು ತೂಗುವ ಡಿಜಿಟಲ್ ಯಂತ್ರ ಒಂದು ಗ್ರಾಂವರೆಗೆ ತೋರಿಸುವಂಥದ್ದಾದರೆ ಸಾಕು. ಅದರ ಮೇಲೆ ಆಳವಾದ ಸ್ಟೀಲ್ ಡಬ್ಬಿಯೊಂದನ್ನಿಟ್ಟು, ಒಳಗೆ ಬಟ್ಟೆಯ ತುಂಡು ಹಾಸಿ, ಅಂಕಿಯನ್ನು ಸೊನ್ನೆಗೆ ತಂದು ಜರ್ಬಿಲನ್ನು ಇಳಿಸಿ. ಈ ಡಬ್ಬಿಯನ್ನು ಇದಕ್ಕೇ ಮೀಸಲಿಡಿ. ಬೆಳೆದ ಜರ್ಬಿಲ್ ಸಾಮಾನ್ಯವಾಗಿ 60ರಿಂದ 100 ಗ್ರಾಂ ತೂಗುತ್ತದೆ, ಹೆಣ್ಣು ತುಸು ಹಗುರ. ಹಿಂದಿನ ತೂಕದಲ್ಲಿ ಹತ್ತನೆಯ ಒಂದು ಪಾಲು ಕೆಲವೇ ದಿನಗಳಲ್ಲಿ ಇಳಿದಿದ್ದರೆ, ಬೇರೆ ಲಕ್ಷಣ ಏನೂ ಕಾಣದಿದ್ದರೂ, ಅದೇ ದಿನ ವೈದ್ಯರಿಗೆ ತೋರಿಸಬೇಕು. ಹಿಂದಿನ ತೂಕ ಗೊತ್ತಿಲ್ಲದಿದ್ದರೆ ಇಂದಿನ ಅಂಕಿಗೆ ಅರ್ಥವಿರುವುದಿಲ್ಲ. ಆದುದರಿಂದ ವಾರಕ್ಕೊಮ್ಮೆ ತೂಗಿ ಒಂದು ಪುಸ್ತಕದಲ್ಲಿ ಬರೆದಿಡುವ ರೂಢಿಯನ್ನು ಪ್ರಾಣಿ ಚೆನ್ನಾಗಿರುವಾಗಲೇ ಮಾಡಿಕೊಳ್ಳಬೇಕು. ಉಬ್ಬಿದ ಕೂದಲಿನ ಕೆಳಗೆ ಎಷ್ಟು ಮೈ ಉಳಿದಿದೆ ಎಂಬುದು ಕಣ್ಣಿಗೆ ಕಾಣದು, ತೂಕಕ್ಕೆ ಮಾತ್ರ ಗೊತ್ತಾಗುತ್ತದೆ.

ಎತ್ತುವಾಗ ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಕೆಳಗಿನಿಂದ ಎತ್ತಿ. ಬಾಲದ ತುದಿಯನ್ನಾಗಲಿ ನಡುವನ್ನಾಗಲಿ ಎಂದಿಗೂ ಹಿಡಿಯಬಾರದು. ಶತ್ರುವಿನಿಂದ ತಪ್ಪಿಸಿಕೊಳ್ಳಲೆಂದು ಬಾಲದ ಚರ್ಮ ಕಳಚಿಕೊಳ್ಳುವಂತೆ ಇದರ ದೇಹರಚನೆ ಇದೆ, ಕಳಚಿದ ಚರ್ಮ ಮತ್ತೆ ಬೆಳೆಯುವುದಿಲ್ಲ.

ಮೂರನೆಯ ಹೆಜ್ಜೆ: ಬೆಚ್ಚಗಿಡುವುದು

ಕಾಯಿಲೆಯ ಜರ್ಬಿಲ್ ಮೈಶಾಖವನ್ನು ಬಹುಬೇಗ ಕಳೆದುಕೊಳ್ಳುತ್ತದೆ. ತಣ್ಣಗಾದ ಪ್ರಾಣಿಯ ಹೊಟ್ಟೆ ಕೆಲಸ ಮಾಡುವುದಿಲ್ಲವಾದುದರಿಂದ ಆಹಾರಕ್ಕಿಂತ ಮೊದಲು ಕೊಡಬೇಕಾದದ್ದು ಶಾಖ. ಎಂದಿನ ಕೋಣೆಗೆ 20ರಿಂದ 24 ಡಿಗ್ರಿ ಸೆಲ್ಸಿಯಸ್ ಸಾಕು. ಕಾಯಿಲೆಯದು ಮಲಗುವ ಮೂಲೆ 26ರಿಂದ 28 ಡಿಗ್ರಿ ಇರಲಿ. ಬಿಸಿನೀರಿನ ಚೀಲವನ್ನು ದಪ್ಪ ಟವೆಲ್ಲಿನಲ್ಲಿ ಎರಡು ಸುತ್ತು ಸುತ್ತಿ, ತೊಟ್ಟಿಯ ಹೊರಗೆ, ಒಂದು ಬದಿಗೆ ಮಾತ್ರ ತಾಗುವಂತೆ ಇಡಿ. ಬಿಸಿ ಹೆಚ್ಚೆನಿಸಿದರೆ ಪ್ರಾಣಿ ಇನ್ನೊಂದು ಬದಿಗೆ ಸರಿಯಲು ಜಾಗವಿರಲೇಬೇಕು. ಚೀಲವನ್ನಾಗಲಿ, ವಿದ್ಯುತ್ ಹೀಟ್ ಪ್ಯಾಡನ್ನಾಗಲಿ ಒಳಗಿಟ್ಟರೆ ಎಷ್ಟೇ ನಿತ್ರಾಣವಾಗಿದ್ದರೂ ಜರ್ಬಿಲ್ ಅದನ್ನು ಕಡಿಯುತ್ತದೆ. ಚೀಲ ಆರುತ್ತಿದ್ದಂತೆ ನೀರು ಬದಲಿಸಿ. ಆರಿದ ಚೀಲ ತೊಟ್ಟಿಯ ಶಾಖವನ್ನೇ ಹೀರಿಕೊಳ್ಳುತ್ತದೆ.

ತೊಟ್ಟಿ ಅಡುಗೆಮನೆಗೋ ದೇವರ ಮನೆಗೋ ಹತ್ತಿರವಿದ್ದರೆ ಈ ದಿನಗಳಲ್ಲಿ ದೂರದ ಕೋಣೆಗೆ ಸಾಗಿಸಿ. ಒಣಮೆಣಸಿನಕಾಯಿಯ ಒಗ್ಗರಣೆಯ ಘಾಟು ನಮಗೇ ಕೆಮ್ಮು ತರಿಸುವಾಗ ಎಪ್ಪತ್ತು ಗ್ರಾಂ ಜೀವಿಯ ಶ್ವಾಸಕೋಶ ಅದನ್ನು ತಡೆಯಲಾರದು. ಊದುಬತ್ತಿ, ಸಾಂಬ್ರಾಣಿ ಹೊಗೆಗೂ ಇದೇ ಮಾತು. ಹಾಸಿಗೆ ಸೀಡರ್, ಪೈನ್ ಮರದ ಹೊಟ್ಟಿನ ಬದಲು ಬಣ್ಣವಿಲ್ಲದ, ಅಚ್ಚಿನ ಮಸಿಯಿಲ್ಲದ ಕಾಗದದ ಚೂರುಗಳನ್ನು ಬಳಸಿ. ಏಣಿ, ಚಕ್ರ, ಎತ್ತರದ ಅಟ್ಟಣೆಗಳನ್ನು ತೆಗೆದಿಡಿ. ಒಳಗಿನ ತೇವಾಂಶ ಶೇಕಡಾ 50ನ್ನು ಮೀರಬಾರದು. ಮಂಗಳೂರು, ಕಾರವಾರದಂಥ ಕರಾವಳಿಯಲ್ಲಿ ಸಾಕುವವರಿಗೆ ಮಳೆಗಾಲದಲ್ಲಿ ಇದೇ ದೊಡ್ಡ ತೊಡಕು, ತೇವ ಹೀರುವ ಯಂತ್ರವಿಲ್ಲದೆ ಅಲ್ಲಿ ಈ ಪ್ರಾಣಿಯನ್ನು ಸುಖವಾಗಿಡುವುದು ಕಷ್ಟ.

ನಾಲ್ಕನೆಯ ಹೆಜ್ಜೆ: ವೈದ್ಯರಿಗೆ ಕರೆ

ಚೀಲಕ್ಕೆ ನೀರು ಕಾಯುತ್ತಿರುವಾಗಲೇ ಕರೆ ಮಾಡಿ. ಬಾಯಿ ತೆರೆದು ಅಥವಾ ಕಷ್ಟಪಟ್ಟು ಉಸಿರಾಡುವುದು, ನೀರಿನಂಥ ಬೇದಿ, ಮೈ ತಣ್ಣಗಾಗಿ ಜೋಲುಬೀಳುವುದು, ನಿಲ್ಲದ ರಕ್ತ, ಕೆಲವು ನಿಮಿಷಗಳಲ್ಲಿ ನಿಲ್ಲದ ಅಥವಾ ಮೇಲಿಂದ ಮೇಲೆ ಬರುವ ಸೆಳವು, ಹನ್ನೆರಡು ಗಂಟೆಗಳಿಂದ ಏನನ್ನೂ ತಿನ್ನದಿರುವುದು, ಇವು ಯಾವುವೂ ನಾಳೆಯವರೆಗೆ ಕಾಯುವ ಲಕ್ಷಣಗಳಲ್ಲ. ಕರೆ ಸ್ವೀಕರಿಸಿದವರು ಸೋಮವಾರದ ಸಮಯ ಕೊಡಲು ಬಂದರೆ ತೂಕ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂಬ ಅಂಕಿಗಳನ್ನು ಹೇಳಿ. ಕಡಲೆಯ ವಿಷಯದಲ್ಲಿ ಮೊದಲು ಕರೆ ಮಾಡಿದ ಚಿಕಿತ್ಸಾಲಯದವರು ಇಲಿಯಂಥ ಪ್ರಾಣಿಗೆ ಅವಸರವೇನು ಎಂಬ ಧಾಟಿಯಲ್ಲಿ ಮಾತನಾಡಿದಾಗ ನಾನು ಬೇರೆಡೆಗೆ ಕರೆ ಮಾಡಿದೆ, ಎರಡನೆಯವರು 74ರಿಂದ 63 ಎಂಬುದನ್ನು ಕೇಳಿದ ಕೂಡಲೇ ಕರೆದುಕೊಂಡು ಬನ್ನಿ ಎಂದರು.

ನಾಯಿ, ಬೆಕ್ಕುಗಳನ್ನಷ್ಟೇ ನೋಡುವ ವೈದ್ಯರಿಗಿಂತ ಸಣ್ಣ ದಂಶಕಗಳನ್ನು, ಅಂದರೆ ಇಲಿ, ಅಳಿಲಿನಂಥ ಕಡಿಯುವ ಪ್ರಾಣಿಗಳನ್ನು, ನೋಡಿ ಅನುಭವವಿರುವವರು ಲೇಸು. ಇಂಗ್ಲೆಂಡಿನಲ್ಲಿ ಅವರನ್ನು ಎಕ್ಸಾಟಿಕ್ ಪ್ರಾಣಿಗಳ ವೈದ್ಯರೆಂದು ಕರೆಯುತ್ತಾರೆ. ಬೆಂಗಳೂರಿನಲ್ಲಿರುವವರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಶಸ್ತ್ರಚಿಕಿತ್ಸೆ ಬೇಕಾದರೆ ಒಂದು ಮಾತು ನೆನಪಿರಲಿ: ದಂಶಕಗಳಿಗೆ ವಾಂತಿ ಮಾಡುವ ಸಾಮರ್ಥ್ಯವೇ ಇಲ್ಲ, ಆದುದರಿಂದ ವಾಂತಿಯಾಗದಿರಲೆಂದು ನಾಯಿಗೆ ಹೇಳುವಂತೆ ಹಿಂದಿನ ರಾತ್ರಿಯಿಂದ ಉಪವಾಸವಿಡಿ ಎಂದು ಯಾರಾದರೂ ಹೇಳಿದರೆ ವೈದ್ಯರನ್ನೇ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಮನೆಮದ್ದು ಏಕೆ ಬೇಡ

ಆ ದಿನಗಳಲ್ಲಿ ದಾವಣಗೆರೆಯಿಂದ ಬಂದಿದ್ದ ನನ್ನ ಅಮ್ಮ ಕಡಲೆಯ ಪಕ್ಕದಿಂದ ಏಳುತ್ತಿರಲಿಲ್ಲ. ಉಸಿರು ಕಟ್ಟಿದಂತಿದೆ, ಎದೆಗೆ ತುಸು ನೀಲಗಿರಿ ಎಣ್ಣೆ ಸವರಲೇ ಎಂದು ಕೇಳಿದರು. ಮಕ್ಕಳಿಗೆ ನೆಗಡಿಯಾದಾಗ ಹಾಗೆ ಮಾಡಿಯೇ ನಮ್ಮನ್ನೆಲ್ಲ ಬೆಳೆಸಿದವರು ಅವರು. ಆದರೆ ಜರ್ಬಿಲ್ ತನ್ನ ಮೈಗೆ ಹಚ್ಚಿದ್ದನ್ನೆಲ್ಲ ನೆಕ್ಕಿ ಒಳಗೆ ತೆಗೆದುಕೊಳ್ಳುತ್ತದೆ. ನೀಲಗಿರಿ, ಕರ್ಪೂರ, ಬೇವಿನೆಣ್ಣೆ, ನೋವಿನ ಮುಲಾಮುಗಳು ಅದಕ್ಕೆ ವಿಷವಾಗಬಲ್ಲವು. ಗಾಯಕ್ಕೆ ಅರಿಸಿನ, ಎಣ್ಣೆಯ ಲೇಪವೂ ಬೇಡ, ಅದನ್ನು ತೆಗೆಯುವ ಆತುರದಲ್ಲಿ ಗಾಯವನ್ನೇ ಕಡಿದುಕೊಳ್ಳುತ್ತದೆ.

ಮನುಷ್ಯರ ಮಾತ್ರೆಗಳ ಬಗ್ಗೆ ಲೆಕ್ಕವೊಂದನ್ನು ಹಾಕಿ ನೋಡಿ. 60 ಕಿಲೋ ತೂಕದವರು 500 ಮಿಲಿಗ್ರಾಂ ಮಾತ್ರೆ ನುಂಗಿದರೆ ಕಿಲೋ ಒಂದಕ್ಕೆ ಸುಮಾರು 8 ಮಿಲಿಗ್ರಾಂ ಆಯಿತು. 70 ಗ್ರಾಂ ಜರ್ಬಿಲ್‌ಗೆ ಆ ಮಾತ್ರೆಯ ನೂರನೆಯ ಒಂದು ಪಾಲು ಹೋದರೂ ಕಿಲೋ ಒಂದಕ್ಕೆ 70 ಮಿಲಿಗ್ರಾಂ ದಾಟುತ್ತದೆ. ಮಾತ್ರೆಯನ್ನು ಪುಡಿ ಮಾಡಿ ಚಿಟಿಕೆಯಷ್ಟು ಕೊಡುವುದರಲ್ಲಿ ಅಳತೆ ಎಂಬುದೇ ಇರುವುದಿಲ್ಲ. ಆ್ಯಂಟಿಬಯೋಟಿಕ್‌ಗಳ ಅಪಾಯ ಇನ್ನೂ ಬೇರೆ ಬಗೆಯದು: ಸ್ಟ್ರೆಪ್ಟೊಮೈಸಿನ್ ಜಾತಿಯ ಔಷಧಿ ಜರ್ಬಿಲ್‌ಗಳಿಗೆ ಪ್ರಾಣಾಂತಿಕ, ಬಾಯಿಯ ಮೂಲಕ ಕೊಡುವ ಪೆನಿಸಿಲಿನ್ ಜಾತಿಯವು ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಕೆಟ್ಟವು ಬೆಳೆಯಲು ದಾರಿ ಮಾಡಿಕೊಡಬಹುದು. ವೈದ್ಯರು ಕೊಟ್ಟ ಔಷಧಿಯನ್ನಾದರೋ ಹೇಳಿದ ಅವಧಿ ಮುಗಿಯುವವರೆಗೆ, ಪ್ರಾಣಿ ಚೇತರಿಸಿಕೊಂಡಂತೆ ಕಂಡರೂ, ನಿಲ್ಲಿಸದೆ ಕೊಡಬೇಕು. ನಡುವೆ ಬೇದಿ ಶುರುವಾದರೆ ಮುಂದಿನ ಸರದಿಗೆ ಮುನ್ನ ಅವರಿಗೆ ತಿಳಿಸಬೇಕು.

ಐದನೆಯ ಹೆಜ್ಜೆ: ನೀರು ಮತ್ತು ಆಹಾರ

70 ಗ್ರಾಂ ಜರ್ಬಿಲ್ ದಿನಕ್ಕೆ ಕುಡಿಯುವುದು ಸುಮಾರು 3ರಿಂದ 5 ಮಿಲಿಲೀಟರ್ ನೀರು, ಅಂದರೆ ಒಂದು ಟೀ ಚಮಚದಷ್ಟು. ನಿತ್ರಾಣವಾದದ್ದು ಬಾಟಲಿಯವರೆಗೆ ಕತ್ತೆತ್ತಲಾರದು. ಬಾಟಲಿಯನ್ನು ಕೆಳಗಿಳಿಸಿ, ಜೊತೆಗೆ ಜಾಡಿಯ ಮುಚ್ಚಳದಂಥ ಆಳವಿಲ್ಲದ ತಟ್ಟೆಯಲ್ಲಿ ತುಸು ನೀರಿಡಿ. ಬೇದಿ ಇಲ್ಲದಿದ್ದರೆ ಸೌತೆಕಾಯಿಯ ತೆಳುವಾದ ಒಂದು ಬಿಲ್ಲೆಯೂ ಆಗಬಹುದು. ಕತ್ತಿನ ಹಿಂದಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ಅದು ಒಡನೆಯೇ ಮೊದಲಿನಂತಾಗದೆ ಮಡಿಕೆಯಾಗಿಯೇ ನಿಂತರೆ ಮೈಯಲ್ಲಿ ನೀರು ಬತ್ತಿದೆ ಎಂದರ್ಥ. ಆಗ ವೈದ್ಯರು ಚರ್ಮದಡಿಗೆ ದ್ರವ ಕೊಡಬೇಕಾಗುತ್ತದೆ. ನಮ್ಮ ಓಆರ್‌ಎಸ್ ಕೊಡಬೇಕೆ, ಎಷ್ಟು ತೆಳುವಾಗಿ ಎಂಬುದನ್ನೂ ಅವರನ್ನೇ ಕೇಳಿ.

ತಾನಾಗಿ ತಿನ್ನುತ್ತಿದ್ದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಅದರ ಎಂದಿನ ಗುಳಿಗೆಯಾಕಾರದ ಆಹಾರವನ್ನೇ ಬಿಸಿನೀರಿನಲ್ಲಿ ನೆನೆಸಿ, ಮಿದ್ದು, ಉಗುರುಬೆಚ್ಚಗೆ ಮೂಗಿನ ಬಳಿ ಇಡಿ. ಓಟ್ಸನ್ನು ನೀರಿನಲ್ಲಿ ಬೇಯಿಸಿದ ಸಪ್ಪೆ ಗಂಜಿಯನ್ನೂ ಕೆಲವು ತಿನ್ನುತ್ತವೆ. ಹಾಲು, ಉಪ್ಪು, ಬೆಲ್ಲ, ತುಪ್ಪ, ಈರುಳ್ಳಿ, ಬೆಳ್ಳುಳ್ಳಿ ತಾಗಿದ ಯಾವುದೂ ಬೇಡ. ಸೂರ್ಯಕಾಂತಿ ಬೀಜದ ತಿರುಳು ಬಹು ಜಿಡ್ಡಿನದಾದುದರಿಂದ ದಿನವೂ ಕೊಡತಕ್ಕದ್ದಲ್ಲ, ಆದರೆ ಬಾಯಿ ಮುಚ್ಚಿಕೊಂಡ ಪ್ರಾಣಿಗೆ ರುಚಿ ನೆನಪಿಸಲು ಒಂದೆರಡು ಬೀಜ ನೆರವಾಗುತ್ತದೆ.

ತಾನಾಗಿ ತಿನ್ನದಿದ್ದರೆ ಸಿರಿಂಜಿನಿಂದ ತಿನ್ನಿಸಬೇಕು, ಮತ್ತು ಅದನ್ನು ಹೇಗೆಂದು ಮೊದಲ ಸಲ ವೈದ್ಯರ ಎದುರಿಗೇ ಮಾಡಿ ಕಲಿಯುವುದು ಒಳ್ಳೆಯದು. ಸೂಜಿಯಿಲ್ಲದ 1 ಮಿಲಿಲೀಟರ್ ಸಿರಿಂಜ್ ಬೇಕು. ನೆಲದ ಮೇಲೆ ಕುಳಿತುಕೊಳ್ಳಿ, ಜಾರಿದರೂ ಎತ್ತರದಿಂದ ಬೀಳಬಾರದು. ಸಣ್ಣ ಟವೆಲ್ಲಿನಲ್ಲಿ ತಲೆಯೊಂದು ಹೊರಗಿರುವಂತೆ ಸಡಿಲವಾಗಿ ಸುತ್ತಿ, ಬೆನ್ನು ನಿಮ್ಮ ಅಂಗೈಗೆ ಒರಗಿರುವಂತೆ, ಹೊಟ್ಟೆ ಕೆಳಗಾಗಿ ಹಿಡಿಯಿರಿ. ಅಂಗಾತ ಮಲಗಿಸಿ ಎಂದಿಗೂ ತಿನ್ನಿಸಬಾರದು. ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ದವಡೆಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗವೊಂದಿದೆ. ಬಾಯಿಯ ಪಕ್ಕದಿಂದ ಸಿರಿಂಜಿನ ತುದಿಯನ್ನು ಅಲ್ಲಿಗೆ ತಾಗಿಸಿ ಒಂದೇ ಒಂದು ಹನಿ ಒತ್ತಿ, ನಾಲಗೆ ಆಡುವವರೆಗೆ ಕಾಯಿರಿ, ನುಂಗಿದ ಮೇಲೆ ಮುಂದಿನ ಹನಿ. ಅರ್ಧ ಮಿಲಿಲೀಟರ್ ಒಳಗೆ ಹೋಗಲು ಹತ್ತು ನಿಮಿಷ ಹಿಡಿದರೂ ಅವಸರ ಬೇಡ, ಏಕೆಂದರೆ ಒಮ್ಮೆಲೇ ಸುರಿದದ್ದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಹೀಗೆ ಮಾಡಬೇಕಾಗಬಹುದು. ಕಡಲೆಯ ಎರಡನೆಯ ರಾತ್ರಿ ಮೂರು ಗಂಟೆಗೆ, ಅಷ್ಟು ಹೊತ್ತಿನವರೆಗೆ ತುಟಿಯಂಚಿನಲ್ಲೇ ನಿಲ್ಲುತ್ತಿದ್ದ ಹನಿಯ ಕಡೆಗೆ ಅದು ತಾನಾಗಿ ಮುಂದಿನ ಎರಡೂ ಪಾದ ಚಾಚಿ ಸಿರಿಂಜಿನ ತುದಿಯನ್ನು ಹಿಡಿದುಕೊಂಡಿತು. ಅಮ್ಮ ಟಾರ್ಚ್ ಹಿಡಿದು ಪಕ್ಕದಲ್ಲಿದ್ದರು.

ಜೊತೆಗಾರರನ್ನು ಬೇರ್ಪಡಿಸಬೇಕೆ?

ಈ ಪ್ರಶ್ನೆಗೆ ನಾನು ಹೆಚ್ಚು ಜಾಗ ಕೊಡಲು ಕಾರಣವಿದೆ. ಜರ್ಬಿಲ್‌ಗಳು ಕುಟುಂಬವಾಗಿ ಬದುಕುವ ಪ್ರಾಣಿಗಳು, ಒಂದನ್ನೊಂದು ವಾಸನೆಯಿಂದ ಗುರುತಿಸುತ್ತವೆ. ಕೆಲವು ದಿನ ಅಗಲಿಸಿಟ್ಟರೆ ಆ ವಾಸನೆ ಅಳಿಸಿಹೋಗುತ್ತದೆ, ಮರಳಿ ಒಟ್ಟಿಗೆ ಬಿಟ್ಟಾಗ ಅಕ್ಕತಂಗಿಯರೂ ರಕ್ತ ಬರುವಂತೆ ಕಾದಾಡುತ್ತವೆ. ಕಡಲೆಗೆ ವಿಶ್ರಾಂತಿ ಸಿಗಲೆಂದು ನಾನು ಅದನ್ನು ಆರು ದಿನ ಬೇರೆ ಕೋಣೆಯಲ್ಲಿಟ್ಟೆ. ಏಳನೆಯ ದಿನ ಸಂತೋಷದಿಂದ ಚುಕ್ಕಿಯ ಬಳಿ ಬಿಟ್ಟಾಗ ಎರಡೂ ಕ್ಷಣಮಾತ್ರದಲ್ಲಿ ಉಂಡೆಯಾಗಿ ಉರುಳಾಡಿದವು, ಚುಕ್ಕಿಯ ಕಿವಿ ಹರಿಯಿತು. ನನ್ನ ತಪ್ಪಿಗೆ ಅವೆರಡೂ ನೋವುಂಡವು. ಆಮೇಲೆ ತೊಟ್ಟಿಯ ನಡುವೆ ತಂತಿಬಲೆಯ ತಡೆ ಹಾಕಿ, ದಿನಕ್ಕೆ ಹಲವು ಬಾರಿ ಅವುಗಳ ಬದಿಯನ್ನು ಅದಲುಬದಲು ಮಾಡಿ, ಒಂದರ ವಾಸನೆ ಇನ್ನೊಂದಕ್ಕೆ ಮತ್ತೆ ಒಗ್ಗಿ, ಬಲೆಯ ಎರಡೂ ಬದಿಗೆ ತಾಗಿಕೊಂಡು ಮಲಗುವವರೆಗೆ ಹತ್ತು ದಿನ ಕಾಯಬೇಕಾಯಿತು. ಮಗಳು ಹತ್ತೂ ದಿನ ಶಾಲೆಗೆ ಹೋಗುವ ಮೊದಲು ಬದಿ ಬದಲಿಸಿಯೇ ಹೋದಳು.

ಆದುದರಿಂದ ವೈದ್ಯರು ಬೇರ್ಪಡಿಸಿ ಎಂದು ಹೇಳದ ಹೊರತು, ಅಥವಾ ಆರೋಗ್ಯವಾಗಿರುವುದು ಕಾಯಿಲೆಯದನ್ನು ಅಟ್ಟಾಡಿಸಿ ಕಚ್ಚದ ಹೊರತು, ಎರಡನ್ನೂ ಒಟ್ಟಿಗೇ ಇಡಿ. ಚಿಕಿತ್ಸಾಲಯಕ್ಕೂ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ, ಹಳೆಯ ಹಾಸಿನ ಒಂದು ಹಿಡಿಯೊಂದಿಗೆ ಒಯ್ಯಿರಿ. ಬೇರ್ಪಡಿಸಲೇಬೇಕಾದರೆ ಮೊದಲ ದಿನವೇ ಬಲೆಯ ತಡೆಯನ್ನು ಬಳಸಿ, ಬೇರೆ ಕೋಣೆಯನ್ನಲ್ಲ.

ಕೆಲವು ಸಾಮಾನ್ಯ ತೊಂದರೆಗಳು

ಬೇದಿ ಎಲ್ಲಕ್ಕಿಂತ ಅಪಾಯದ್ದು. ಸೊಪ್ಪು ತರಕಾರಿ ಹೆಚ್ಚಾಗಿ ಹಿಕ್ಕೆ ಮೆದುವಾಗುವುದುಂಟು, ಸೊಪ್ಪು ನಿಲ್ಲಿಸಿದರೆ ಅದು ಸರಿಯಾಗುತ್ತದೆ. ಆದರೆ ಬಾಲದ ಬುಡ ಒದ್ದೆಯಾಗಿ, ಪ್ರಾಣಿ ಮುದುಡಿ ಕುಳಿತಿದ್ದರೆ ಟೈಜರ್ ಕಾಯಿಲೆ ಇರಬಹುದು. ಕ್ಲಾಸ್ಟ್ರಿಡಿಯಂ ಪಿಲಿಫಾರ್ಮೆ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗಕ್ಕೆ ಜರ್ಬಿಲ್‌ಗಳು ಉಳಿದ ದಂಶಕಗಳಿಗಿಂತ ಬೇಗ ತುತ್ತಾಗುತ್ತವೆ, ಒಂದೆರಡು ದಿನದಲ್ಲಿಯೇ ಸಾಯಬಹುದು. ಅದರ ಬೀಜಕಣಗಳು ಹಾಸಿನಲ್ಲಿ ಬಹುಕಾಲ ಉಳಿಯುವುದರಿಂದ ಹಳೆಯ ಹಾಸು, ರಟ್ಟು, ಮರದ ಸಾಮಾನುಗಳನ್ನೆಲ್ಲ ಚೀಲದಲ್ಲಿ ಕಟ್ಟಿ ಎಸೆದು, ಗಾಜಿನ ತೊಟ್ಟಿಯನ್ನು ತೆಳುಗೊಳಿಸಿದ ಬ್ಲೀಚಿನಿಂದ ತೊಳೆದು, ಹಲವು ಸಲ ನೀರು ಹಾಕಿ, ವಾಸನೆ ಪೂರ್ತಿ ಹೋಗಿ ಒಣಗಿದ ಮೇಲಷ್ಟೇ ಬಳಸಬೇಕು. ಬ್ಲೀಚಿಗೆ ವಿನಿಗರ್ ಅಥವಾ ಬೇರೆ ಕ್ಲೀನರ್ ಬೆರೆಸಬಾರದು. ಸಾಲ್ಮೊನೆಲ್ಲಾದಂಥ ಸೋಂಕು ನಮಗೂ ತಗಲಬಹುದಾದುದರಿಂದ ಪ್ರತಿ ಸಲವೂ ಸೋಪಿನಿಂದ ಕೈ ತೊಳೆಯಿರಿ. ಗರ್ಭಿಣಿಯರೂ ಹಸುಗೂಸುಗಳೂ ದೂರವಿರಲಿ.

ಮೂಗಿನ ಸುತ್ತ, ಕಣ್ಣಂಚಿನಲ್ಲಿ ಕೆಂಪು ಕಂಡರೆ ಅದು ರಕ್ತವೆಂದು ಹೆದರಬೇಡಿ. ಕಣ್ಣಿನ ಹಿಂದಿನ ಹಾರ್ಡೇರಿಯನ್ ಗ್ರಂಥಿ ಸುರಿಸುವ ಕೆಂಬಣ್ಣದ ದ್ರವ ಅದು. ಒತ್ತಡದಲ್ಲಿ, ತೇವದಲ್ಲಿ ಹೆಚ್ಚಾಗಿ ಮೂಗಿನ ಚರ್ಮವನ್ನು ಸುಡುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹಾಸು ಬದಲಿಸಿ, ದೂಳಿಲ್ಲದ ಮರಳಿನ ಸ್ನಾನದ ತಟ್ಟೆಯಿಡಿ. ಕೂದಲು ಉದುರಿ ಹುಣ್ಣಾಗಿದ್ದರೆ ಔಷಧಿ ಬೇಕು.

ಸೆಳವು ಈ ಪ್ರಾಣಿಗೆ ವಂಶದಲ್ಲಿಯೇ ಬರುವಂಥದ್ದು, ಸಾಮಾನ್ಯವಾಗಿ ಎರಡು ತಿಂಗಳ ವಯಸ್ಸಿನ ಹೊತ್ತಿಗೆ ಮೊದಲು ಕಾಣಿಸುತ್ತದೆ. ಹೊಸ ಜಾಗ, ಎತ್ತಿ ಆಡಿಸುವುದು, ದೀಪಾವಳಿಯ ಪಟಾಕಿ ಅಥವಾ ಇಲ್ಲಿನ ನವೆಂಬರ್ 5ರ ಬಾಣಬಿರುಸಿನ ಸದ್ದು ಅದನ್ನು ಕೆರಳಿಸಬಹುದು. ಆ ಹೊತ್ತಿನಲ್ಲಿ ಬಾಯಿಗೆ ನೀರು ಬಿಡಬಾರದು, ಹಿಡಿದು ಅದುಮಬಾರದು. ತೊಟ್ಟಿಯ ಮೇಲೆ ಬಟ್ಟೆ ಹೊದಿಸಿ, ದೀಪ ಆರಿಸಿ, ಗಡಿಯಾರ ನೋಡುತ್ತ ಕುಳಿತರೆ ಬಹುಪಾಲು ತಾನಾಗಿ ಇಳಿಯುತ್ತದೆ.

ಬಾಲದ ಚರ್ಮ ಕಳಚಿದ್ದರೆ ಸ್ವಚ್ಛ ಬಟ್ಟೆಯಿಂದ ಒತ್ತಿ ರಕ್ತ ನಿಲ್ಲಿಸಿ, ಮರಳನ್ನು ತೆಗೆದಿಟ್ಟು, ವೈದ್ಯರಿಗೆ ತೋರಿಸಿ. ತಿನ್ನಲು ಆಸೆಪಟ್ಟು ಹತ್ತಿರ ಬಂದು ಬಾಯಿಗೆ ಹಾಕಿಕೊಂಡದ್ದನ್ನು ಬೀಳಿಸುತ್ತಿದ್ದರೆ ಬಾಚಿಹಲ್ಲು ಬೆಳೆದು ಸೊಟ್ಟಗಾಗಿರಬಹುದು; ಉಗುರು ಕತ್ತರಿಯಿಂದ ಕತ್ತರಿಸಿದರೆ ಹಲ್ಲು ಬುಡದವರೆಗೆ ಸೀಳಬಹುದು. ಎರಡು ವರ್ಷ ದಾಟಿದ ಗಂಡಿನ ಹೊಟ್ಟೆಯ ನಡುವಿನ ವಾಸನೆಗ್ರಂಥಿಯಲ್ಲಿ ಹುಣ್ಣು ಅಥವಾ ಗಡ್ಡೆ ಕಂಡರೆ ಬೇಗ ತೋರಿಸಿ, ಚಿಕ್ಕದಿರುವಾಗ ತೆಗೆದುಹಾಕಿದರೆ ಗುಣವಾಗುತ್ತದೆ. ಹೆಣ್ಣಿನ ಹೊಟ್ಟೆ ಪಕ್ಕಗಳಲ್ಲಿ ಊದಿಕೊಂಡರೆ ಅಂಡಾಶಯದ ನೀರುಗಡ್ಡೆಯ ಸಂಶಯ ಬರಬೇಕು.

ಜರ್ಬಿಲ್‌ಗಳ ಮಿದುಳಿನ ಬುಡದಲ್ಲಿ ರಕ್ತನಾಳಗಳ ಉಂಗುರ ಪೂರ್ಣವಾಗಿ ಕೂಡಿಕೊಂಡಿರುವುದಿಲ್ಲ. ಒಂದು ನಾಳ ಕಟ್ಟಿದರೆ ಇನ್ನೊಂದು ನೆರವಿಗೆ ಬರದು. ವಯಸ್ಸಾದವುಗಳಲ್ಲಿ ಒಂದು ಪಕ್ಕ ಸೋತು ನಡೆಯುವಾಗ ವಾಲುವುದು ಪಾರ್ಶ್ವವಾಯುವಿನ ಗುರುತಿರಬಹುದು. ಕಿವಿಯೊಳಗಿನ ಗಡ್ಡೆಯಿಂದಲೂ ತಲೆ ವಾಲುತ್ತದೆ, ಎರಡನ್ನೂ ವೈದ್ಯರೇ ಬೇರ್ಪಡಿಸಿ ಹೇಳಬೇಕು. ಆಹಾರವನ್ನು ಮೂಗಿನಡಿಗೆ ತಂದಿಟ್ಟು, ಮೈಗೆ ಆಸರೆಯಾಗಿ ಮೆತ್ತಗಿನ ಕಾಗದ ಒತ್ತಿ ನೋಡಿಕೊಂಡರೆ ಕೆಲವು ಮತ್ತೆ ನಡೆಯುತ್ತವೆ.

ಚೇತರಿಕೆ ಮತ್ತು ಕೊನೆ

ತೂಕವನ್ನು ಕಾಯಿಲೆಯ ದಿನಗಳಲ್ಲಿ ನಿತ್ಯವೂ ಒಂದೇ ಹೊತ್ತಿಗೆ ತೂಗಿ, ಮೂರು ದಿನ ಇಳಿಯದೆ ನಿಂತರೆ ಸಿರಿಂಜಿನ ಸರದಿಗಳನ್ನು ಒಂದೊಂದಾಗಿ ಕಡಿಮೆ ಮಾಡಿ. ಬಿಸಿನೀರಿನ ಚೀಲವನ್ನು ಒಮ್ಮೆಗೇ ತೆಗೆಯದೆ ಮೊದಲು ಹಗಲಿನಲ್ಲಿ ಬಿಡಿಸಿ. ಕಡಲೆ ಮತ್ತೆ 70 ಗ್ರಾಂ ಮುಟ್ಟಲು ಮೂರು ವಾರ ಹಿಡಿಯಿತು.

ಜರ್ಬಿಲ್ ಬದುಕುವುದು ಸಾಮಾನ್ಯವಾಗಿ ಮೂರು ವರ್ಷದ ಆಸುಪಾಸು. ತಿನ್ನಿಸಿದ್ದನ್ನು ನುಂಗದೆ, ಶಾಖ ಕೊಟ್ಟರೂ ಬೆಚ್ಚಗಾಗದೆ, ಉಸಿರಿಗಾಗಿ ಹೆಣಗುತ್ತಿರುವಾಗ ವೈದ್ಯರು ದಯಾಮರಣದ ಮಾತೆತ್ತಿದರೆ ಅದನ್ನು ಕೇಳಿಸಿಕೊಳ್ಳಿ. ಮಕ್ಕಳಿಂದ ಮುಚ್ಚಿಡದೆ, ಅವರು ಬೀಳ್ಕೊಡಲು ಬಯಸಿದರೆ ಅವಕಾಶ ಕೊಡಿ. ಸೋಂಕುರೋಗವಲ್ಲದಿದ್ದರೆ ದೇಹವನ್ನು ಸ್ವಲ್ಪ ಹೊತ್ತು ಜೊತೆಗಾರನ ಬಳಿ ಇಡಬಹುದು, ಅದು ಮೂಸಿ ನೋಡಿ ತಾನಾಗಿ ದೂರ ಸರಿಯುತ್ತದೆ. ಉಳಿದದ್ದು ಒಂಟಿಯಾದ ಮೊದಲ ದಿನಗಳಲ್ಲಿ ಊಟ ಬಿಡುವ ಸಂಭವವಿರುವುದರಿಂದ, ಅದರ ತೂಕವನ್ನು ಒಂದು ವಾರ ದಿನವೂ ಅದೇ ಪುಸ್ತಕದಲ್ಲಿ ಬರೆಯುತ್ತ ಬನ್ನಿ, ಮತ್ತು ಸಂಜೆ ಒಂದು ಹೊಸ ರಟ್ಟಿನ ಕೊಳವೆ ಹಾಕಿ ಬೆಳಿಗ್ಗೆ ನೋಡಿ.